ಒಂದು ಹಿಡಿ ಕಾಳಿನಿಂದ ಮೊದಲು ಮಾಡಿರಿ



ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಗಾದೆ ಸುಳ್ಳಲ್ಲ. ಆದರೆ ಹಳ್ಳಿಹಳ್ಳಿ ತಿರುಗಿದ ಮೇಲೆ ನನಗೊಂದು ಸಂಗತಿ ಮನದಟ್ಟಾಗಿದೆ. ಊಟ ಬಲ್ಲವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬಲ್ಲದ್ದನ್ನು ದಿನಾಲು ಮಾಡುವವರು ಮಾತ್ರ ಕಡಿಮೆ. ತಪ್ಪಲ ಪಲ್ಯ ಒಳ್ಳೆಯದು, ಕಾಳು ಒಳ್ಳೆಯದು ಎಂದು ಯಾರಿಗೆ ಗೊತ್ತಿಲ್ಲ ಹೇಳಿರಿ? ಗೊತ್ತಿದ್ದರೂ ಗಂಗಾಳದಲ್ಲಿ ಅವು ಕಾಣುವುದಿಲ್ಲ. ಹೀಗೇಕಾಗುತ್ತದೆ, ಇದಕ್ಕೆ ಉಪಾಯವೇನು ಎಂಬುದನ್ನು ಇಂದಿನ ಮಾತಿನಲ್ಲಿ ತಿಳಿಸಬೇಕೆಂದಿದ್ದೇನೆ.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಇಲಾಖೆಯ ಕೆಲಸಕ್ಕೆ ಸೇರಿದವನು. ಭತ್ತಕ್ಕೆ ಸತುವಿನ ಕೊರತೆಯಾದರೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬೀಳುತ್ತದೆ. ಅದನ್ನು ನಾನು ಬದುವಿನ ಮೇಲೆ ನಿಂತೇ ಗುರುತಿಸುತ್ತಿದ್ದೆ. ಆದರೆ ಅದೇ ಗದ್ದೆಯಲ್ಲಿ ಬಗ್ಗಿ ಸಸಿ ಹಚ್ಚುವ ತಾಯಿಯ ಮುಖ ಬಿಳಿಚಿಕೊಂಡಿರುವುದು ಬಹಳ ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ವರ್ಷ ಮುಂಗಾರಿನ ನಾಟಿಯ ಹೊತ್ತು. ಜವಳಗೇರಾದಿಂದ ಸ್ವಲ್ಪ ದೂರದ ಗದ್ದೆಯಲ್ಲಿ ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ಸಾಲು ಹಿಡಿದು ಸಸಿ ಹಚ್ಚುತ್ತಿದ್ದರು. ಅವರಲ್ಲಿ ಒಬ್ಬಾಕೆ ನಡು ನೆಟ್ಟಗೆ ಮಾಡಲೆಂದು ಎದ್ದು ನಿಂತವಳು ಹಾಗೆಯೇ ಕೆಸರಿನಲ್ಲಿ ಕುಳಿತುಬಿಟ್ಟಳು. ಉಳಿದವರು ಕೈಹಿಡಿದು ಬದುವಿಗೆ ತಂದು ಕೂಡ್ರಿಸಿದರು.

“ಏನಾತು ತಂಗೆವ್ವ?” ಎಂದು ಕೇಳಿದೆ.

“ಏನಿಲ್ರಿ ಸಾಹೇಬ್ರ, ಕಣ್ಣಿಗೆ ಕತ್ತಲಿ ಬಂತು. ದಿನಾ ಇದ್ದದ್ದ ಐತ್ರಿ.”

ಬೆಳಿಗ್ಗೆ ಆಕೆ ಚಹಾ ಮಾತ್ರ ಕುಡಿದು ಬಂದಿದ್ದಳು. ಬುತ್ತಿಯಲ್ಲಿ ಅನ್ನ, ತಿಳಿಸಾರು, ಒಂದಿಷ್ಟು ಕೆಂಪು ಖಾರ ಇದ್ದವು. ಮುಂದೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8 ಗ್ರಾಂ ಎಂದು ಬಂತು. ಬಸಿರಿಲ್ಲದ ಹೆಣ್ಣುಮಗಳಿಗೆ ಅದು ಕಡಿಮೆಯೆಂದರೂ 12 ಗ್ರಾಂ ಇರಬೇಕು. “ದಿನಾ ಇದ್ದದ್ದ ಐತಿ” ಎಂಬ ಆಕೆಯ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಬೆಳೆಯ ರೋಗವನ್ನು ನಾವು ಹಾಗೆ ಬಿಡುತ್ತೇವೆಯೇ?

ಇದು ಒಬ್ಬಾಕೆಯ ಸಂಗತಿಯಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಉಂಟು. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಎರಡೂ ಅಂಕಿಗಳು ಇದಕ್ಕಿಂತ ಕಡಿಮೆ ಇದ್ದವು ಎಂಬುದನ್ನು ಗಮನಿಸಿರಿ.

ಅನ್ನ ಬಂತು, ರೊಟ್ಟಿ ಹೋಯಿತು

ನಮ್ಮ ಸೀಮೆ ಮೊದಲು ಜೋಳ, ಸಜ್ಜೆ, ಕಾಳುಗಳ ಸೀಮೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಿತು. ಮುಂದೆ ಎಡದಂಡೆ ನಾಲೆ ಹಂತಹಂತವಾಗಿ ಸಿಂಧನೂರಿನ ಕಡೆಗೆ ಬಂದು ಎರೆಹೊಲಗಳು ಗದ್ದೆಗಳಾದವು. ನಾಲೆಯನ್ನು ಯೋಜಿಸಿದವರು ಹೆಚ್ಚು ಜಮೀನಿಗೆ ಅರೆ ನೀರಾವರಿ ಬೆಳೆಗಳನ್ನೇ ಎಣಿಸಿದ್ದರು. ನಾವು ಭತ್ತ ಹಚ್ಚಿದೆವು. ಕೈಯಲ್ಲಿ ರೊಕ್ಕ ಆಡಿತು, ಮನೆ ಕಟ್ಟಿದೆವು, ಮಕ್ಕಳನ್ನು ಓದಿಸಿದೆವು. ಇದೆಲ್ಲ ಒಳ್ಳೆಯದೇ. ಆದರೆ ಗದ್ದೆಯ ಜೊತೆಗೆ ಗಂಗಾಳವೂ ಬದಲಾಯಿತು. ಹೊಲದ ಅಕ್ಕಡಿ ಸಾಲಿನಲ್ಲಿ ಬರುತ್ತಿದ್ದ ಅಲಸಂದಿ, ಮಡಿಕೆ, ಹೆಸರು ಹೋದವು. ಕಳೆ ಕೀಳುವಾಗ ಉಡಿಯಲ್ಲಿ ತುಂಬಿ ತರುತ್ತಿದ್ದ ಬೆರಕೆ ತಪ್ಪಲವೂ ಕಡಿಮೆಯಾಯಿತು.

ಅಕ್ಕಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಕ್ಕಿಯೊಂದೇ ಸಾಲದು ಎಂದಷ್ಟೇ ನನ್ನ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣದ ಅಂಶ ಒಂದು ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ ಸುಮಾರು 6.4 ಮಿಲಿಗ್ರಾಂ ಉಂಟು. ದುಡಿಯುವ ವಯಸ್ಸಿನ ಹೆಣ್ಣುಮಗಳ ಊಟದಲ್ಲಿ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಇರಬೇಕೆಂದು 2020ರಲ್ಲಿ ತಜ್ಞರು ಗೊತ್ತುಪಡಿಸಿದ್ದಾರೆ. ಅದೇ ಸಂಸ್ಥೆ 2024ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಬೇಕಾದವರ ಗಂಗಾಳದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತಪ್ಪಲ ಸೇರಿ ತರಕಾರಿ 400 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್ ಇರಬೇಕು. ಈಗ ನಮ್ಮ ಬುತ್ತಿ ಬಿಚ್ಚಿ ನೋಡಿರಿ. ಧಾನ್ಯ ಬೇಕಾದ್ದಕ್ಕಿಂತ ಹೆಚ್ಚು, ಉಳಿದದ್ದೆಲ್ಲ ಕಡಿಮೆ.

ನನ್ನ ಭಾಷಣ ಏಕೆ ಫಲಿಸಲಿಲ್ಲ

ಆ ತಂಗಿ ಕೆಸರಿನಲ್ಲಿ ಕುಳಿತ ಮೇಲೆ ನನಗೆ ಬಹಳ ಹುರುಪು ಬಂತು. ಮರುವಾರವೇ ಊರ ಗುಡಿಯ ಮುಂದೆ ಹೆಣ್ಣುಮಕ್ಕಳನ್ನು ಸೇರಿಸಿದೆ. ಬಣ್ಣದ ಚಾರ್ಟು ತೂಗುಹಾಕಿದೆ. ಪ್ರೋಟೀನು, ಕಬ್ಬಿಣ, ಜೀವಸತ್ವ ಎಲ್ಲವನ್ನೂ ಒಂದು ತಾಸಿನಲ್ಲಿ ಹೇಳಿ ಮುಗಿಸಿದೆ. ತಪ್ಪಲ ಉಣ್ಣಿರಿ, ಕಾಳು ಮೊಳಕೆ ಬರಿಸಿರಿ, ಹಾಲು ಕುಡಿಯಿರಿ, ಹಣ್ಣು ತಿನ್ನಿರಿ, ಚಹಾ ಬಿಡಿರಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ತಿಂಗಳ ಮೇಲೆ ಹೋಗಿ ವಿಚಾರಿಸಿದರೆ ಯಾವ ಮನೆಯಲ್ಲಿಯೂ ಏನೂ ಬದಲಾಗಿರಲಿಲ್ಲ. ಒಬ್ಬ ಮುದುಕಿ ನಗುತ್ತ ಹೇಳಿದಳು: “ಯಪ್ಪಾ, ನೀ ಹೇಳಿದ್ದೆಲ್ಲ ಖರೆ ಐತಿ. ಆದ್ರ ನೆಲ್ಲು ಹಚ್ಚೋ ದಿನದಾಗ ನಸುಕಿಗೆ ಎದ್ದು ಹೋಗ್ತೀವಿ, ಕತ್ತಲಾದ ಮ್ಯಾಲೆ ಬರ್ತೀವಿ. ಇಷ್ಟೆಲ್ಲ ಯಾವಾಗ ಮಾಡೂದು? ಒಂದ ಹೇಳು, ಮಾಡ್ತೀವಿ.”

ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಯೂರಿಯಾವನ್ನು ಒಂದೇ ಸಲಕ್ಕೆ ಸುರಿಯಬೇಡಿರಿ, ಕಂತುಕಂತಾಗಿ ಕೊಡಿರಿ, ಇಲ್ಲವಾದರೆ ನೀರಿನೊಡನೆ ಹರಿದುಹೋಗುತ್ತದೆ ಎಂದು ರೈತರಿಗೆ ಬುದ್ಧಿ ಹೇಳುವವನು ನಾನೇ. ಆದರೆ ಊಟದ ವಿಷಯದಲ್ಲಿ ಇಡೀ ಚೀಲವನ್ನೇ ಒಂದು ತಾಸಿನಲ್ಲಿ ಸುರಿದು ಬಂದಿದ್ದೆ.

ಇಂಥ ತಪ್ಪು ಮಾಡಿದವನು ನಾನೊಬ್ಬನೇ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದಲ್ಲಿ ಮಾಂಸಕ್ಕೆ ಕೊರತೆ ಬಂತು. ಅಲ್ಲಿಯ ಜನ ಸಾಮಾನ್ಯವಾಗಿ ತಿನ್ನದೆ ಬಿಡುತ್ತಿದ್ದ ಗುಂಡಿಗೆ, ಮೂತ್ರಪಿಂಡ ಮೊದಲಾದ ಭಾಗಗಳನ್ನು ಅಡಿಗೆಗೆ ಬಳಸಿರೆಂದು ಗೃಹಿಣಿಯರಿಗೆ ಹೇಳಬೇಕಾಗಿತ್ತು. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಆಗ ಒಂದು ಪ್ರಯೋಗ ಮಾಡಿದ. ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದ. ಬೇರೆ ಗುಂಪುಗಳಲ್ಲಿ ಹೆಂಗಸರೇ ಕೂತು ತಮ್ಮ ಅಡಚಣೆ ಮಾತಾಡಿಕೊಂಡು, ಕೊನೆಗೆ ಯಾರು ಮಾಡಿ ನೋಡುತ್ತೀರೆಂದು ಕೇಳಿದಾಗ ಕೈಯೆತ್ತಿ ನಿರ್ಧಾರ ಹೇಳುವಂತೆ ಮಾಡಿದ. ಆಮೇಲೆ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಹೊಸ ಪದಾರ್ಥವನ್ನು ಅಡಿಗೆ ಮಾಡಿದವರು ನೂರಕ್ಕೆ 3 ಮಂದಿ. ತಾವೇ ನಿರ್ಧರಿಸಿದವರಲ್ಲಿ 32 ಮಂದಿ. ಅಂದಮೇಲೆ ಹೇಳುವುದಕ್ಕಿಂತ ಕೇಳುವುದು ಲೇಸು ಎಂದಾಯಿತಲ್ಲವೇ?

ರೂಢಿಗೊಂದು ಗೂಟ

ನಾನು ಮತ್ತೆ ಅದೇ ಮುದುಕಿಯ ಕಟ್ಟೆಗೆ ಹೋದೆ. ಈ ಸಲ ಚಾರ್ಟು ಒಯ್ಯಲಿಲ್ಲ. “ಅವ್ವಾ, ಎಂಥಾ ದಣಿವು ಇದ್ದರೂ ರಾತ್ರಿ ಮಲಗುವ ಮುಂದೆ ತಪ್ಪದೆ ಮಾಡುವ ಕೆಲಸ ಯಾವುದು?” ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, “ಕುಡಿಯೋ ನೀರಿನ ಕೊಡಾ ಮುಚ್ಚಿ ಮಲಗ್ತೀನಿ. ಅದೊಂದು ಎಂದೂ ಬಿಟ್ಟಿಲ್ಲ” ಎಂದಳು. “ಹಾಗಾದರೆ ಕೊಡದ ಪಕ್ಕದಲ್ಲಿಯೇ ಹೆಸರುಕಾಳಿನ ಡಬ್ಬಿ ಇಡು. ಕೊಡ ಮುಚ್ಚಿದ ಕೈಲೇ ಒಂದು ಹಿಡಿ ಕಾಳು ನೆನೆಹಾಕು. ಮತ್ತೇನೂ ಬೇಡ” ಎಂದೆ. “ಇಷ್ಟೇ ಏನು?” ಎಂದಳು. “ಇಷ್ಟೇ” ಎಂದೆ.

ಅಂದು ಕಟ್ಟೆಯ ಮೇಲಿದ್ದ ಆರು ಮಂದಿಯೂ ತಂತಮ್ಮ ಮನೆಯ ಕೆಲಸಕ್ಕೆ ತಕ್ಕಂತೆ ಒಂದೊಂದನ್ನು ಆರಿಸಿಕೊಂಡು ಎಲ್ಲರೆದುರಿಗೆ ಹೇಳಿದರು. ಸುಗ್ಗಿಯ ಹೊತ್ತಿಗೆ ನಾನು ಹೋದಾಗ ಆರರಲ್ಲಿ ನಾಲ್ಕು ಮನೆಗಳಲ್ಲಿ ಅದು ನಡೆದಿತ್ತು. ಮುದುಕಿಯ ಮನೆಯಲ್ಲಿ ಒಂದು ಹಿಡಿ ಹೋಗಿ ಮೂರು ಹಿಡಿಯಾಗಿತ್ತು. ಹೆಚ್ಚು ಮಾಡೆಂದು ನಾನು ಹೇಳಿರಲಿಲ್ಲ. ಮೊಮ್ಮಕ್ಕಳು ಕೇಳಿ ಕೇಳಿ ತಿನ್ನುತ್ತಿದ್ದುದರಿಂದ ಆಕೆಯೇ ಮಾಡಿದ್ದಳು.

ಬಂಧುಗಳೇ, ಎತ್ತಿಗೆ ಗೂಟವಿದ್ದ ಹಾಗೆ ಹೊಸ ರೂಢಿಗೂ ಒಂದು ಗೂಟ ಬೇಕು. ನೀವು ಈಗಾಗಲೇ ದಿನಾಲು ತಪ್ಪದೆ ಮಾಡುವ ಕೆಲಸವೇ ಆ ಗೂಟ. ಕೊಡ ಮುಚ್ಚುವುದು, ಒಲೆ ಹಚ್ಚುವುದು, ಹಿಟ್ಟು ನಾದುವುದು, ಗಂಗಾಳ ಹಾಕುವುದು ಇವಕ್ಕೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ಇವುಗಳಲ್ಲಿ ಒಂದಕ್ಕೆ ಹೊಸ ಕೆಲಸವನ್ನು ಕಟ್ಟಿದರೆ ಅದು ತಪ್ಪಿಸಿಕೊಂಡು ಹೋಗುವುದಿಲ್ಲ. “ನಾಳೆಯಿಂದ ಚೆನ್ನಾಗಿ ಉಣ್ಣುತ್ತೇನೆ” ಎಂಬ ಮಾತಿಗೆ ಗೂಟವಿಲ್ಲ. ಅದು ಮೂರನೆಯ ದಿನಕ್ಕೆ ಮರೆತುಹೋಗುತ್ತದೆ.

ಇದಕ್ಕೆ ಎಷ್ಟು ದಿನ ಹಿಡಿಯುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ಅಭ್ಯಾಸ ಮಾಡಿ 2010ರಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬರೂ ಊಟ, ಕುಡಿಯುವ ಪದಾರ್ಥ ಇಲ್ಲವೆ ವ್ಯಾಯಾಮಕ್ಕೆ ಸೇರಿದ ಒಂದು ಸಣ್ಣ ಕೆಲಸವನ್ನು ದಿನದ ಒಂದೇ ಗೊತ್ತಾದ ಹೊತ್ತಿಗೆ ಕಟ್ಟಿಕೊಂಡಿದ್ದರು. ಆ ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಾಟಿ ಮಾಡಿದ ಭತ್ತ ಹೊಡೆಗೆ ಬರುವಷ್ಟು ಕಾಲ. ನಡುವೆ ಒಂದು ದಿನ ತಪ್ಪಿದರೆ ಕೆಲಸವೇನೂ ಕೆಡುವುದಿಲ್ಲ ಎಂಬುದೂ ಅದೇ ಅಭ್ಯಾಸದಿಂದ ತಿಳಿದುಬಂತು. ಆದ್ದರಿಂದ ಜಾತ್ರೆಯಲ್ಲೋ ಮದುವೆಯಲ್ಲೋ ಒಂದು ದಿನ ಬಿಟ್ಟುಹೋದರೆ “ಆಯ್ತು, ಹೋಯ್ತು” ಎಂದು ಕೈಬಿಡಬೇಡಿರಿ. ಮರುದಿನ ಮತ್ತೆ ಹಿಡಿಯಿರಿ.

ಸರಕಾರದ ಕೆಲಸದಲ್ಲಿಯೂ ಇದನ್ನೇ ಕಾಣಬಹುದು. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದರು. ಮೊಟ್ಟೆಯ ಗುಣವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರೆ ಒಂದು ಮೊಟ್ಟೆಯೂ ಹೊಟ್ಟೆಗೆ ಹೋಗುತ್ತಿರಲಿಲ್ಲ. ಮಧ್ಯಾಹ್ನದ ಗಂಟೆಗೆ, ಆಗಲೇ ಹಾಕಿದ್ದ ಗಂಗಾಳಕ್ಕೆ ಅದನ್ನು ಸೇರಿಸಿದ್ದರಿಂದ ಕೆಲಸವಾಯಿತು.

ಆರಿಸಿಕೊಳ್ಳಲು ಕೆಲವು ರೂಢಿಗಳು

ಈಗ ನಮ್ಮ ಮನೆಗಳಿಗೆ ಹೊಂದುವ ಕೆಲವನ್ನು ಹೇಳುತ್ತೇನೆ. ಎಲ್ಲವನ್ನೂ ಮಾಡಬೇಡಿರಿ, ಒಂದನ್ನು ಆರಿಸಿರಿ.

ಮೊದಲನೆಯದು, ಆಗಲೇ ಹೇಳಿದ ಕಾಳು. ಕೊಡ ಮುಚ್ಚುವಾಗ ಒಂದು ಹಿಡಿ ಹೆಸರು, ಮಡಿಕೆ ಇಲ್ಲವೆ ಅಲಸಂದಿ ನೆನೆಹಾಕಿರಿ. ಒಂದು ಹಿಡಿ ಎಂದರೆ ಸುಮಾರು 30 ಗ್ರಾಂ. ಅದರಲ್ಲಿ ಆರೇಳು ಗ್ರಾಂ ಪ್ರೋಟೀನು ಸಿಗುತ್ತದೆ. ನೆನೆದು ಮೊಳಕೆ ಬಂದ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಎರಡನೆಯದು, ಲಿಂಬೆಹಣ್ಣು. ಗಂಗಾಳ ಹಾಕಿದ ಕೂಡಲೇ ಬ್ಯಾಳಿಯ ಮೇಲೆ ಅರ್ಧ ಲಿಂಬೆ ಹಿಂಡಿರಿ. ಕಾಳು ತಪ್ಪಲಗಳಲ್ಲಿರುವ ಕಬ್ಬಿಣವನ್ನು ಹೀರಿಕೊಳ್ಳಲು ಲಿಂಬೆಯ ಸಿ ಜೀವಸತ್ವ ಸಹಾಯ ಮಾಡುತ್ತದೆ. ಚಹಾ ಇದಕ್ಕೆ ವಿರುದ್ಧ. ಚಹಾ ಬಿಡಿರೆಂದು ನಾನು ಇನ್ನು ಹೇಳುವುದಿಲ್ಲ, ಯಾರೂ ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡಿರಿ, ಅಷ್ಟು ಸಾಕು.

ಮೂರನೆಯದು, ನುಗ್ಗೆ ತಪ್ಪಲ. ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆಯ ಕೊಂಬೆ ನೆಟ್ಟರೆ ಬೇರೆ ನೀರು ಬೇಕಾಗಿಲ್ಲ. ಬ್ಯಾಳಿ ಕುದಿಯುವಾಗ ಮುಚ್ಚಳ ತೆಗೆದು ಒಂದು ಹಿಡಿ ಎಲೆ ಹಾಕಿರಿ. ಗಿಡ ಅಡಿಗೆಮನೆಯ ಬಾಗಿಲಿಗೆ ಹತ್ತಿರವಿರಲಿ. ದೂರವಿದ್ದರೆ ಕೈ ಹೋಗುವುದಿಲ್ಲ.

ನಾಲ್ಕನೆಯದು, ಅನ್ನಕ್ಕಿಂತ ಮೊದಲು ಒಂದು ರೊಟ್ಟಿ. ಅನ್ನ ಬಿಡಬೇಕಾಗಿಲ್ಲ. ಜೋಳದ್ದಾಗಲಿ ಸಜ್ಜೆಯದಾಗಲಿ, ಮೊದಲ ತುತ್ತು ರೊಟ್ಟಿಯದಾಗಿರಲಿ.

ಐದನೆಯದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಮಕ್ಕಳಿಗೆ ಬಡಿಸುವಾಗ ಸೌಟನ್ನು ಗಡಿಗೆಯ ತಳಕ್ಕೆ ಮುಟ್ಟಿಸಿರಿ. ಬೇಳೆ ತಳದಲ್ಲಿರುತ್ತದೆ, ಮೇಲಿನದು ಬರೀ ತಿಳಿ. ಎಷ್ಟೋ ಮನೆಗಳಲ್ಲಿ ಚಿಕ್ಕ ಮಗುವಿಗೆ ಖಾರವಾದೀತೆಂದು ತಿಳಿಯನ್ನೇ ಹಾಕುವುದುಂಟು.

ಆರನೆಯದು ಗಂಡಸರಿಗೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾರೆ. ಅಷ್ಟೊತ್ತಿಗೆ ಪಲ್ಯದ ಬೋಗುಣಿಯಲ್ಲಿ ಏನು ಉಳಿದಿರುತ್ತದೆ? ಆದ್ದರಿಂದ ನೀವು ಉಣ್ಣಲು ಕೂತಾಗ, ಕೈ ತೊಳೆದ ಕೂಡಲೇ, “ನಿನಗೆ ಪಲ್ಯ ತೆಗೆದಿಟ್ಟೀಯೇನು?” ಎಂದು ಕೇಳಿರಿ. ತೆಗೆದಿಟ್ಟಿರದಿದ್ದರೆ ಒಂದು ಬಟ್ಟಲು ತೆಗೆದಿಟ್ಟ ಮೇಲೆಯೇ ಉಣ್ಣಿರಿ. ಮೊದಮೊದಲು ಮನೆಯವರು ನಕ್ಕಾರು, ಮುದುಕರು ಹುಬ್ಬೇರಿಸಿಯಾರು. ನೀವು ಕೇಳುವುದನ್ನು ಬಿಡಬೇಡಿರಿ. ಗದ್ದೆಯಲ್ಲಿ ನಿಮ್ಮ ಸಮನಾಗಿ ದುಡಿಯುವವರ ಪಾಲು ಗಂಗಾಳದಲ್ಲಿ ಏಕೆ ಕಡಿಮೆಯಿರಬೇಕು?

ಬುದ್ಧಿ ಹೇಳುವವರಿಗೆ ನಾಲ್ಕು ಮಾತು

ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಅಕ್ಕಂದಿರು, ನನ್ನಂಥ ಇಲಾಖೆಯ ಜನ, ನಾವೆಲ್ಲರೂ ಊರಿಗೆ ಹೋಗಿ ಬುದ್ಧಿ ಹೇಳುವವರು. ನಾವು ಬಾಯಿ ತೆರೆಯುವ ಮೊದಲು ಆ ಮನೆಯ ದಿನಚರಿ ಕೇಳಬೇಕು. ಮಾಡಬೇಕಾದದ್ದನ್ನು ಆ ತಾಯಿಯೇ ಆರಿಸಬೇಕು. ಆರಿಸಿದ್ದು ನಾಟಿಯ ದಿನವೂ, ಜ್ವರ ಬಂದ ದಿನವೂ ಮಾಡುವಷ್ಟು ಸಣ್ಣದಾಗಿರಬೇಕು. ಮರುಭೇಟಿಯಲ್ಲಿ “ಯಾಕೆ ಮಾಡಲಿಲ್ಲ?” ಎಂದು ಗದರಬಾರದು, “ಗೂಟ ಸರಿಯಾಗಿರಲಿಲ್ಲ, ಬೇರೆ ಹುಡುಕೋಣ” ಎನ್ನಬೇಕು. ಆ ಆರು ಮನೆಗಳಲ್ಲಿ ಕೈಬಿಟ್ಟ ಎರಡರಲ್ಲಿ ಒಂದು ಮನೆಯಾಕೆ ಲಿಂಬೆಹಣ್ಣು ಆರಿಸಿಕೊಂಡಿದ್ದಳು. ಹಣ್ಣು ಸಂತೆಗೆ ಹೋದಾಗಲಷ್ಟೇ ಸಿಗುತ್ತಿತ್ತು, ಎರಡು ದಿನಕ್ಕೆ ತೀರಿಹೋಗುತ್ತಿತ್ತು. ಅದು ಆಕೆಯ ತಪ್ಪಲ್ಲ; ಮೊದಲೇ ಕೇಳದಿದ್ದುದು ನನ್ನ ತಪ್ಪು. ಈಗ ಆಕೆ ಸೌಟು ತಳಕ್ಕೆ ಮುಟ್ಟಿಸುವ ರೂಢಿ ಹಿಡಿದಿದ್ದಾಳೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಒಂದು ಹಿಡಿ ಕಾಳು ಔಷಧವಲ್ಲ. ರಕ್ತ ಬಹಳ ಕಡಿಮೆಯಾದವರು ಡಾಕ್ಟರರನ್ನು ಕಾಣಲೇಬೇಕು. ಬಸುರಿ ಹೆಣ್ಣುಮಕ್ಕಳು ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ನಾಲ್ಕನೆಯ ತಿಂಗಳಿನಿಂದ 180 ದಿನ ದಿನಾಲು ನುಂಗಬೇಕು. ಆದರೆ ನೋಡಿರಿ, ಗುಳಿಗೆಯ ಕಥೆಯೂ ಇದೇ. ಅಂದು ಕೆಸರಿನಲ್ಲಿ ಕುಳಿತ ತಂಗಿಗೂ ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟಿದ್ದರು. ಹತ್ತು ದಿನ ನುಂಗಿ, ಹೊಟ್ಟೆ ತೊಳಸಿದಂತಾಗಿ, ಮಲ ಕಪ್ಪಾದದ್ದನ್ನು ಕಂಡು ಹೆದರಿ, ಮಾಡದಲ್ಲಿಟ್ಟು ಮರೆತಿದ್ದಳು. ಮಲ ಕಪ್ಪಾಗುವುದರಿಂದ ಅಪಾಯವಿಲ್ಲ ಎಂದು ಯಾರೂ ಆಕೆಗೆ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಮತ್ತೆ ಕೇಳಿಕೊಂಡು, ಖಾಲಿ ಹೊಟ್ಟೆಗೆ ಬಿಟ್ಟು ರಾತ್ರಿಯ ಊಟವಾದ ಮೇಲೆ ನುಂಗುವಂತೆ ಗೊತ್ತುಮಾಡಿದೆವು. ಗುಳಿಗೆಯ ಹಾಳೆಯನ್ನು ಆಕೆ ಕನ್ನಡಿಯ ಹಿಂದೆ, ಮಲಗುವ ಮುನ್ನ ಕೂದಲು ಹಿಕ್ಕುವ ಬಾಚಣಿಕೆಯ ಪಕ್ಕದಲ್ಲಿ ಸಿಗಿಸಿದಳು. ಬಾಚಣಿಕೆ ತೆಗೆದಾಗ ಗುಳಿಗೆ ಕಣ್ಣಿಗೆ ಬೀಳುತ್ತಿತ್ತು. ಮರುವರ್ಷದ ನಾಟಿಯಲ್ಲಿ ನಾನು ಆ ಗದ್ದೆಯ ಬದುವಿಗೆ ಹೋದಾಗ ಆಕೆ ಸಾಲಿನ ಮುಂದಿದ್ದಳು. ರಕ್ತ 11 ಗ್ರಾಮಿಗೆ ಏರಿತ್ತು. ಇನ್ನೂ ಒಂದು ಗ್ರಾಂ ಬಾಕಿ ಇದೆ ಎಂದು ನಾನೂ ನೆನಪು ಮಾಡಿದೆ, ಆಕೆಯೂ ತಲೆಯಾಡಿಸಿದಳು.

ಜವಳಗೇರಾ ಎಂದರೆ ಬೀಜದ ಫಾರ್ಮಿನ ಊರು. ಆ ಫಾರ್ಮು ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ನಿನದಾಗಿದ್ದು, 2014ರಲ್ಲಿ ರಾಷ್ಟ್ರೀಯ ಬೀಜ ನಿಗಮದಲ್ಲಿ ಸೇರಿತು. ಬೀಜದ ಬೆಲೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಬೀಜವನ್ನು ಹದ ನೋಡಿ ಬಿತ್ತುತ್ತೀರಿ, ಮೊಳಕೆ ಬರುವವರೆಗೆ ತಾಳ್ಮೆಯಿಂದ ಕಾಯುತ್ತೀರಿ. ಊಟದ ರೂಢಿಗೂ ಅಷ್ಟೇ ತಾಳ್ಮೆ ತೋರಿಸಿರಿ.

ಈ ಪುಸ್ತಿಕೆಯನ್ನು ಓದಿ ಮುಗಿಸಿದ ಮೇಲೆ ಮನೆಯವರನ್ನು ಕೂಡ್ರಿಸಿಕೊಂಡು, ನಮ್ಮ ಮನೆಯಲ್ಲಿ ಎಂದೂ ತಪ್ಪದ ಕೆಲಸ ಯಾವುದು ಎಂದು ಕೇಳಿರಿ. ಅದರ ಪಕ್ಕಕ್ಕೆ ಒಂದೇ ಒಂದು ಸಣ್ಣ ಕೆಲಸ ಕಟ್ಟಿರಿ, ಯಾವುದೆಂದು ಬಾಯಿಬಿಟ್ಟು ಎಲ್ಲರೆದುರಿಗೆ ಹೇಳಿರಿ. ಇಂದು ರಾತ್ರಿ ಕೊಡ ಮುಚ್ಚುವಾಗಲೇ ಮೊದಲು ಮಾಡಬಹುದು.